ಎರಡನೇ ಕೋಣೆಯ ಕಾವು

ಅಥವಾ ಅದು ಮಧ್ಯಾಹ್ನವೇ ಆಗಿರಲಿಲ್ಲವೇನೋ. ಈ ಸಂಗತಿಯನ್ನು ನನ್ನ ಬಾಯಿಂದ ಕೇಳಿದವರೆಲ್ಲ ಮತ್ತೊಬ್ಬರಿಗೆ ಹೇಳುವಾಗ ಅದನ್ನು ರಾತ್ರಿಗೆ ಸಾಗಿಸಿಬಿಟ್ಟಿದ್ದಾರೆ. ಇಂಥವು ಹಗಲಲ್ಲಿ ನಡೆಯುವುದು ಅವರಿಗೆ ಒಪ್ಪಿಗೆಯಿಲ್ಲ. ಕೇಳಿ ಕೇಳಿ ನನಗೂ ಈಗ ನೆನಪು ಮಾಡಿಕೊಂಡಾಗ ಕಿಟಕಿಯಾಚೆ ಒಮ್ಮೊಮ್ಮೆ ಕತ್ತಲೆ ಕಾಣುತ್ತದೆ. ಅದು ಅವರ ಕತ್ತಲೆ, ನನ್ನದಲ್ಲ. ನನ್ನ ನೆನಪಿನಲ್ಲಿ ಎದುರು ಮನೆಯ ತಾರಸಿಯ ಮೇಲೆ ಒಬ್ಬ ಹೆಂಗಸು ಗೋಣಿಚೀಲ ಕೊಡವುತ್ತಿದ್ದಳು, ಧೂಳು ಬಿಸಿಲಿನಲ್ಲಿ ಹೊಳೆಯುತ್ತಿತ್ತು. ಆದರೆ ಆ ಹೆಂಗಸನ್ನು ನಾನು ಬೇರೆ ಯಾವುದೋ ದಿನದಿಂದ ತಂದು ಇಲ್ಲಿ ನಿಲ್ಲಿಸಿಕೊಂಡಿಲ್ಲ ಎಂದು ಪ್ರಮಾಣ ಮಾಡಿ ಹೇಳಲಾರೆ. ಖಚಿತವಾಗಿ ಹೇಳಬಲ್ಲದ್ದು ಇಷ್ಟು: ದಿಬ್ಬೂರಹಳ್ಳಿಯ ವೆಂಕಟೇಶ ಅವತ್ತು ಸಾಯಬೇಕಿತ್ತು, ಸಾಯಲಿಲ್ಲ. ಅದಕ್ಕೆ ಕಾರಣ ನನ್ನ ಕಂಪ್ಯೂಟರಿನ ಪರದೆಯ ಮೇಲೆ ಬಂದ ಒಂದು ಸಾಲು. ಆ ಸಾಲು ಬರಲು ದಾರಿಯೇ ಇರಲಿಲ್ಲ.

ಇಂಥದ್ದನ್ನೆಲ್ಲ ನಂಬುವ ಪೈಕಿ ನಾನಲ್ಲ. ಚಿಕ್ಕಬಳ್ಳಾಪುರದ ನಮ್ಮ ಮನೆಗೆ ಬರುತ್ತಿದ್ದ ವಾರಪತ್ರಿಕೆಯಲ್ಲಿ ಓದುಗರ ವಿಚಿತ್ರ ಅನುಭವಗಳಿಗೆಂದೇ ಒಂದು ಪುಟವಿತ್ತು. ಅಮ್ಮ ಮೊದಲು ಆ ಪುಟವನ್ನೇ ತೆಗೆಯುತ್ತಿದ್ದರು. ನಾನು ಅದನ್ನು ಕಿತ್ತುಕೊಂಡು ನಡುಗುವ ದನಿಯಲ್ಲಿ ಓದಿ ಅಣಕಿಸುತ್ತಿದ್ದೆ. ಈಗ ಅದೇ ಪುಟಕ್ಕೆ ತಕ್ಕಂಥದ್ದನ್ನು ಬರೆಯಲು ಕೂತಿದ್ದೇನೆ, ಸಿಟ್ಟಿನಿಂದ ಬರೆಯುತ್ತಿದ್ದೇನೆ. ಓದುಗರೇ, ನಿಮ್ಮ ಮೇಲಲ್ಲ. ಯಾರ ಮೇಲೆ ಎಂದು ಮುಂದೆ ಗೊತ್ತಾಗುತ್ತದೆ, ನಿಮಗೂ ನನಗೂ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಶಿಡ್ಲಘಟ್ಟದಲ್ಲಿ ಗುರುಮೂರ್ತಿ ಎಂಬುವರ ಸಣ್ಣ ಕಂಪ್ಯೂಟರ್ ಕಂಪನಿಯಲ್ಲಿ ನಾನು ಪ್ರೋಗ್ರಾಂ ಬರೆಯುತ್ತಿದ್ದೆ. ಕೆಳಗಡೆ ರೇಷ್ಮೆ ನೂಲು ತೆಗೆಯುವ ಘಟಕ, ಮೇಲಿನ ಎರಡು ಕೋಣೆ ನಮ್ಮದು. ಗೂಡು ಬೇಯುವ ವಾಸನೆ ಬಟ್ಟೆಗೆ ಅಂಟಿಕೊಂಡು ಬಸ್ಸಿನಲ್ಲಿ ನನ್ನ ಜೊತೆ ಚಿಕ್ಕಬಳ್ಳಾಪುರದವರೆಗೂ ಬರುತ್ತಿತ್ತು. ಗುರುಮೂರ್ತಿಯವರ ತಲೆಗೆ ಒಂದು ಯೋಜನೆ ಹೊಕ್ಕಿತ್ತು. ಚಾಕಿ ಕೇಂದ್ರಗಳೆಂದರೆ ರೇಷ್ಮೆ ಹುಳುಗಳನ್ನು ಮೊಟ್ಟೆಯೊಡೆದ ದಿನದಿಂದ ಎರಡನೇ ಜ್ವರದವರೆಗೆ, ಅಂದರೆ ಎರಡನೇ ಸಲ ಪೊರೆ ಬಿಡುವವರೆಗೆ, ಸಾಕಿ ರೈತರಿಗೆ ಹಂಚುವ ಮನೆಗಳು. ಅಲ್ಲಿ ಕಾವು ಹದ ತಪ್ಪಿದರೆ ಇಡೀ ಊರಿನ ಬೆಳೆ ಹೋಗುತ್ತದೆ. ಆದ್ದರಿಂದ ಆ ಕೋಣೆಯ ಗೋಡೆಗೆ ಕಾವು ಅಳೆಯುವ ಒಂದು ಕಡ್ಡಿ ಸಿಕ್ಕಿಸಿ, ಅದನ್ನು ಒಂದು ಕಂಪ್ಯೂಟರಿಗೆ ಜೋಡಿಸಿ, ಟೆಲಿಫೋನ್ ತಂತಿಯ ಮೇಲೆ ಶಿಡ್ಲಘಟ್ಟಕ್ಕೆ ಲೆಕ್ಕ ಕಳಿಸುತ್ತಿರುವುದು. ನಾವು ಇಲ್ಲಿ ಕೂತು ನೋಡುತ್ತಿರುವುದು. ಮೊದಲ ಗಿರಾಕಿ ದಿಬ್ಬೂರಹಳ್ಳಿಯ ಲಕ್ಷ್ಮೀದೇವಮ್ಮ. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು, ಚಾಕಿ ಕೇಂದ್ರವನ್ನು ಒಬ್ಬರೇ ನಡೆಸುತ್ತಿದ್ದರು. ಹಿಪ್ಪುನೇರಳೆ ಸೊಪ್ಪು ಕತ್ತರಿಸಲು, ಹುಳುವಿನ ತಟ್ಟೆ ಎತ್ತಿಡಲು ತಮ್ಮ ವೆಂಕಟೇಶ ಇದ್ದ. ಮದುವೆಯಾಗಿ ಎರಡು ಮಕ್ಕಳಿದ್ದ ಗಟ್ಟಿ ಆಳು. ಕೇಂದ್ರದಲ್ಲಿ ಎರಡು ಕೋಣೆ. ಒಂದರಲ್ಲಿ ಹುಳು, ಇನ್ನೊಂದರಲ್ಲಿ ಚೀಲ, ಬುಟ್ಟಿ, ಹಳೇ ತಟ್ಟೆ. ಕಡ್ಡಿ ಇದ್ದದ್ದು ಹುಳುವಿನ ಕೋಣೆಯಲ್ಲಿ ಮಾತ್ರ. ಎರಡನೇ ಕೋಣೆಗೂ ಒಂದು ಬೇಕು ಎಂದು ನಾನು ಕೇಳಿದ್ದಕ್ಕೆ ಗುರುಮೂರ್ತಿ, "ಬುಟ್ಟಿಗಳಿಗೆ ಚಳಿ ಆಗುತ್ತೇನಮ್ಮ?" ಎಂದು ನಕ್ಕಿದ್ದರು.

ಎರಡೂ ಕಡೆಯ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ಬರೆದವಳು ನಾನೇ. ಅವರ ಕಡೆಯದು ಒಂದು ಸಾಲು ಕಳಿಸುತ್ತದೆ: ಕೋಣೆಯ ಸಂಖ್ಯೆ, ಕಾವು, ತೇವ. ನನ್ನ ಕಡೆಯದು ರಿಸೀವ್ ಎಂಬ ಒಂದು ಕರೆ ಮಾಡಿ ಆ ಸಾಲಿಗಾಗಿ ಕಾಯುತ್ತದೆ. ಈ ಕಾಯುವಿಕೆಯನ್ನು ವಿವರಿಸಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ಬರೀ ದೆವ್ವದ ಕತೆಯಾಗುತ್ತದೆ. ರಿಸೀವ್ ಎಂದು ಕರೆದ ಪ್ರೋಗ್ರಾಂ ಅಲ್ಲೇ ನಿಂತುಬಿಡುತ್ತದೆ. ಆಚೆಯಿಂದ ಒಂದಕ್ಷರವಾದರೂ ಬರುವ ತನಕ, ಅಥವಾ ಆಚೆಯವರು ಮಾತು ಮುಗಿಯಿತು ಎಂದು ತಿಳಿಸುವ ತನಕ, ಅದು ಮುಂದಿನ ಸಾಲಿಗೆ ಹೋಗುವುದಿಲ್ಲ. ಆಚೆಯವರು ಏನೂ ಹೇಳದೆ ತಂತಿ ಕಿತ್ತುಹಾಕಿದರೆ? ಅದಕ್ಕೆ ತಿಳಿಯುವುದೇ ಇಲ್ಲ. ಎದುರಿಗೆ ಯಾರೋ ಇದ್ದಾರೆಂದೇ ನಂಬಿಕೊಂಡು ಕಾಯುತ್ತಲೇ ಇರುತ್ತದೆ. ಅಷ್ಟು ಹೊತ್ತೂ ಪರದೆಯ ಮೇಲೆ ಕೊನೆಯ ಸಲ ಬಂದ ಲೆಕ್ಕ, ಎಲ್ಲ ಸರಿಯಿದೆ ಎನ್ನುವ ಹಾಗೆ, ಹಸಿರು ಬಣ್ಣದಲ್ಲಿ ಉಳಿದಿರುತ್ತದೆ.

ಇಷ್ಟು ಹೊತ್ತಿನೊಳಗೆ ಸುದ್ದಿ ಬರದಿದ್ದರೆ ಕಾಯುವುದು ಬಿಟ್ಟು ಕೂಗು ಹಾಕು ಎಂದು ಗಡುವು ಸೇರಿಸುವುದು ದೊಡ್ಡ ಕೆಲಸವಲ್ಲ. ಸೇರಿಸಿದ್ದೆ ಕೂಡ. ಗುರುಮೂರ್ತಿ ತೆಗೆಸಿದರು. ಯಾರೋ ನೋಡಲು ಬಂದಿದ್ದಾಗ ಪರದೆ ಕೆಂಪಾಗಿ ಸುದ್ದಿ ಇಲ್ಲ ಎಂದು ಹೊಳೆದುಬಿಟ್ಟಿತಂತೆ. "ದುಡ್ಡು ಕೊಡೋರ ಮುಂದೆ ಸುದ್ದಿ ಇಲ್ಲ ಅಂತ ತೋರಿಸ್ತಾರೇನಮ್ಮ? ಕೊನೇ ರೀಡಿಂಗೇ ಇರ್ಲಿ ಬಿಡು. ಚೆನ್ನಾಗಿ ಕಾಣುತ್ತೆ." ಈ ಮಾತು ಮಾತ್ರ ನನಗೆ ಅಕ್ಷರ ಅಕ್ಷರವಾಗಿ ನೆನಪಿದೆ. ಉಳಿದದ್ದೆಲ್ಲ ಮಸುಕಾದರೂ ಇದು ಆಗಲಿಲ್ಲ.

ಕೆಲವು ವಾರ ಚೆನ್ನಾಗಿ ನಡೆಯಿತು. ಆಮೇಲೆ ನನ್ನ ಪ್ರೋಗ್ರಾಂ ಆಗಾಗ ರಿಸೀವ್‌ನಲ್ಲಿ ಸಿಕ್ಕಿಕೊಳ್ಳತೊಡಗಿತು. ಆ ಕರೆಯ ಮುಂಚೆ ಒಂದು ಸಾಲು, ಆಮೇಲೆ ಒಂದು ಸಾಲು ಪರದೆಗೆ ಬರುವಂತೆ ಮಾಡಿಟ್ಟೆ: ಕಾಯುತ್ತಿದೆ, ಬಂತು. ಕಾಯುತ್ತಿದೆ ಎಂದು ಬರೆಯುತ್ತಿತ್ತು, ಬಂತು ಎಂದು ಬರೆಯುತ್ತಿರಲಿಲ್ಲ. ಸಾಲು ಅರ್ಧ ಮಾತ್ರ ಬರುತ್ತಿದೆಯೇನೋ, ನಾನು ಪೂರ್ತಿಗಾಗಿ ಕಾಯುತ್ತಿದ್ದೇನೇನೋ ಎಂದು ಅಕ್ಷರಗಳನ್ನು ಎಣಿಸುವ ಭಾಗವನ್ನು ಹೊಸದಾಗಿ ಬರೆದೆ. ಆಗಲಿಲ್ಲ. ಕಂಪ್ಯೂಟರನ್ನು ಫೋನ್ ತಂತಿಗೆ ಜೋಡಿಸುವ ಮೋಡೆಮ್ ಡಬ್ಬ ಬದಲಾಯಿಸಿದೆ. ಆಗಲಿಲ್ಲ. ಬಸ್ಸು ಹತ್ತಿ ದಿಬ್ಬೂರಹಳ್ಳಿಗೆ ಹೋದರೆ ಅಲ್ಲಿ ಎಲ್ಲವೂ ಸರಿಯಾಗಿರುತ್ತಿತ್ತು, ಮೋಡೆಮ್ಮಿನ ದೀಪಗಳು ಮಿಣುಕುತ್ತಿರುತ್ತಿದ್ದವು. "ಏನಾದ್ರೂ ಮುಟ್ಟಿದ್ರಾ ಅಕ್ಕ?" ಎಂದರೆ ಲಕ್ಷ್ಮೀದೇವಮ್ಮ ಎರಡೂ ಕೈ ಎತ್ತಿ ತೋರಿಸುವರು. "ನಾನ್ಯಾಕ್ ಮುಟ್ಲಿ ತಾಯಿ, ಸೊಪ್ಪಿನ್ ಕೈ ನಂದು." ವಾಪಸು ಬಂದು ಪ್ರೋಗ್ರಾಮನ್ನು ಕೊಂದು ಮತ್ತೆ ಎಬ್ಬಿಸಿದರೆ ಸರಾಗವಾಗಿ ಓಡುತ್ತಿತ್ತು. ಕೆಲವು ದಿನ ಬಿಟ್ಟು ಮತ್ತೆ ಸಿಕ್ಕಿಕೊಳ್ಳುತ್ತಿತ್ತು.

ಗುರುಮೂರ್ತಿ ಬೆಳಿಗ್ಗೆ ಬಾಗಿಲಲ್ಲೇ ನಿಂತು, "ಏನಮ್ಮ, ಇವತ್ತೂ ಧ್ಯಾನಕ್ಕೆ ಕೂತಿದ್ಯಾ ನಿನ್ನ ಪ್ರೋಗ್ರಾಮು?" ಎನ್ನುತ್ತಿದ್ದರು. ಕೆಳಗಿನ ಘಟಕದವರ ಎದುರು, "ಅಡುಗೆ ಮನೇಲಿ ಹಾಲು ಉಕ್ಕೋದು ಕಾಯ್ದಂಗೆ ಕಾಯೋ ಪ್ರೋಗ್ರಾಂ ಬರ್ದವ್ಳೆ ನಮ್ಮ ಹುಡುಗಿ" ಎಂದು ನಗಿಸುತ್ತಿದ್ದರು. ನಾನು ದಿಬ್ಬೂರಹಳ್ಳಿಗೆ ಆಗಾಗ ಫೋನ್ ಮಾಡಿ ವಿಚಾರಿಸುತ್ತೇನೆ ಎಂದರೆ ಅದಕ್ಕೂ ಬಿಡಲಿಲ್ಲ. ಗಿರಾಕಿಗೆ ಫೋನ್ ಮಾಡಿದರೆ ತಪ್ಪು ನಮ್ಮದು ಎಂದು ಒಪ್ಪಿಕೊಂಡ ಹಾಗಂತೆ. ಲಕ್ಷ್ಮೀದೇವಮ್ಮನ ಮನೆಯಲ್ಲಿದ್ದದ್ದು ಒಂದೇ ಫೋನ್ ತಂತಿ. ಅದು ಮೋಡೆಮ್ಮಿಗೆ ಸಿಕ್ಕಿಸಿದ್ದರೆ ಫೋನು ಸಿಗುವುದೂ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ. ಒಂದೇ ತಂತಿ.

ಆ ದಿನ ಗುರುಮೂರ್ತಿ ಊರಲ್ಲಿರಲಿಲ್ಲ. ಗೌರಿಬಿದನೂರಿಗೆ ಯಾವುದೋ ಮದುವೆಗೆ ಹೋಗಿದ್ದರು. ಈಗ ಅವರು ತಾವೂ ನನ್ನ ಪಕ್ಕದಲ್ಲೇ ನಿಂತಿದ್ದುದಾಗಿ ಹೇಳುತ್ತಾರೆ, ನಂಬಬೇಡಿ. ಚಳಿಗಾಲ. ಪ್ರೋಗ್ರಾಂ ಬೆಳಗಿನಿಂದ ಕಾಯುತ್ತಿತ್ತು. ನಮ್ಮ ಕಡೆಯ ಮೋಡೆಮ್ಮಿನಲ್ಲಿ ಸಂಪರ್ಕದ ದೀಪ ಆರಿತ್ತು, ಪರದೆ ಮಾತ್ರ ಹಸಿರಾಗಿ ಎಲ್ಲ ಸರಿ ಎನ್ನುತ್ತಿತ್ತು. ಆ ಹಸಿರನ್ನು ನೋಡಿ ನೋಡಿ ನನಗೆ ರೇಗಿಹೋಯಿತು. ಆಫೀಸಿನ ಇನ್ನೊಂದು ಫೋನ್ ಎತ್ತಿ ದಿಬ್ಬೂರಹಳ್ಳಿಗೆ ತಿರುಗಿಸಿದೆ. ಎಂಗೇಜ್ ಬರುತ್ತದೆ ಎಂದುಕೊಂಡಿದ್ದೆ. ರಿಂಗಾಯಿತು. ಲಕ್ಷ್ಮೀದೇವಮ್ಮ ಎತ್ತಿದರು, ಪಿಸುದನಿಯಲ್ಲಿ.

"ಯಾರೂ?"

"ನಾನು ಅಕ್ಕ, ಶಿಡ್ಲಘಟ್ಟದಿಂದ. ಫೋನ್ ಹೆಂಗೆ ಸಿಕ್ತು? ತಂತಿ ಮೋಡೆಮ್ಮಲ್ಲಿ ಇಲ್ವಾ?"

"ಮೆಲ್ಲಗ್ ಮಾತಾಡಮ್ಮ. ಹುಳ ಜ್ವರಕ್ಕೆ ಕೂತವೆ."

ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಒಂದು ದಿನ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಆ ಹೊತ್ತಿನಲ್ಲಿ ಸೊಪ್ಪು ಹಾಕಬಾರದು, ತಟ್ಟೆ ಅಲುಗಿಸಬಾರದು, ಹೊರಗಿನವರು ಒಳಗೆ ಬರಬಾರದು. ಲಕ್ಷ್ಮೀದೇವಮ್ಮನ ಮನೆಯಲ್ಲಿ ಗಟ್ಟಿಯಾಗಿ ಮಾತನ್ನೂ ಆಡುತ್ತಿರಲಿಲ್ಲ.

"ನಿನ್ ಡಬ್ಬ ಗೂಬೆ ತರ ಊಳಿಡ್ತೈತಲ್ಲಮ್ಮ, ಅದುಕ್ಕೇ ತಂತಿ ಕಿತ್ತಿಟ್ಟಿದೀನಿ. ಜ್ವರದಿಂದ ಎದ್ಮೇಲೆ ಸಿಕ್ಕಿಸ್ತೀನಿ. ಪ್ರತಿ ಸಲಾನೂ ಹಂಗೇ ಮಾಡೋದು."

ಪ್ರತಿ ಸಲ! ನಾನು ಬಸ್ಸು ಹತ್ತಿ ಹೋಗುವಷ್ಟರಲ್ಲಿ ಹುಳುಗಳು ಎದ್ದಿರುತ್ತಿದ್ದವು, ತಂತಿ ತನ್ನ ಜಾಗಕ್ಕೆ ಹೋಗಿರುತ್ತಿತ್ತು. ಏನಾದರೂ ಮುಟ್ಟಿದಿರಾ ಎಂದರೆ ಇಲ್ಲ. ಜ್ವರಕ್ಕೆ ಕೂತ ಹುಳುವಿಗೆ ಸದ್ದು ಮಾಡದಿರುವುದು ಅವರ ಲೆಕ್ಕದಲ್ಲಿ ಮುಟ್ಟುವುದಲ್ಲ. ಚಪ್ಪಲಿ ಹೊರಗೆ ಬಿಟ್ಟ ಹಾಗೆ, ಹೇಳಿಕೊಳ್ಳುವಂಥ ವಿಷಯವೇ ಅಲ್ಲ. ನನಗೆ ತಲೆ ಸಿಡಿಯಿತು. ವಾರಗಟ್ಟಲೆ ತಿಂದ ಮಾತುಗಳೆಲ್ಲ ಒಟ್ಟಿಗೆ ಬಾಯಿಗೆ ಬಂದವು.

"ಒಂದ್ ಮಾತು ಹೇಳ್ಬಾರ್ದಾ ಅಕ್ಕ? ಇಲ್ಲಿ ದಿನಾ ಉಗಿಸ್ಕೊಂತಿದೀನಿ ನಾನು!"

"ನೀನು ಕೇಳಿದ್ರೆ ತಾನೇ? ಮುಟ್ಟಿದ್ರಾ ಅಂದೆ, ಇಲ್ಲ ಅಂದೆ. ಮೆಲ್ಲಗೆ ಅಂದ್ನಲ್ಲ..."

ಅಷ್ಟರಲ್ಲಿ ನನ್ನೆದುರಿನ ಪರದೆ ಒಂದು ಸಾಲು ಮೇಲಕ್ಕೆ ಸರಿಯಿತು. ಬಂತು.

ಇಲ್ಲಿ ನಿಧಾನವಾಗಿ ಬರೆಯಬೇಕು, ಯಾಕೆಂದರೆ ನೆನಪು ನುಣುಪಾಗುವುದು ಇಲ್ಲೇ. ಆಚೆಯ ತಂತಿಯನ್ನು ಮೋಡೆಮ್ಮಿನಿಂದ ಕಿತ್ತಿಟ್ಟಿದ್ದರು. ಅದೇ ತಂತಿಯ ಮೇಲೆ ಲಕ್ಷ್ಮೀದೇವಮ್ಮ ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದರು. ನನ್ನ ಮೋಡೆಮ್ಮಿನ ದೀಪ ಆರಿತ್ತು. ಆ ಕ್ಷಣ ತಿರುಗಿ ನೋಡಿದೆ ಎಂದು ನನ್ನ ನಂಬಿಕೆ. ಬಂತು ಎಂಬುದರ ಕೆಳಗೆ ಲೆಕ್ಕ ಮೂಡಿತು. ಕಾವು ನಲವತ್ತರ ಮೇಲಿತ್ತು, ನಲವತ್ತೊಂದೋ ನಲವತ್ತಮೂರೋ ಈಗ ಹೇಳಲಾರೆ. ಚಾಕಿ ಕೋಣೆಯಲ್ಲಿ ಅಷ್ಟು ಕಾವಿದ್ದರೆ ಹುಳುಗಳೆಲ್ಲ ಸತ್ತಿರಬೇಕು. ಕೋಣೆಯ ಸಂಖ್ಯೆ ಎರಡು ಎಂದಿತ್ತು. ಕಳಿಸುವ ಪ್ರೋಗ್ರಾಮಿನಲ್ಲಿ ಆ ಜಾಗಕ್ಕೆ ಒಂದು ಎಂಬ ಅಂಕಿಯನ್ನು ನಾನೇ ಕೈಯಾರೆ ಬರೆದಿಟ್ಟಿದ್ದೆ. ಎರಡು ಎಂದು ಕಳಿಸಬೇಕಾದರೆ ಅದನ್ನು ತಿದ್ದಿ ಇಡೀ ಪ್ರೋಗ್ರಾಮನ್ನು ಮತ್ತೆ ಕಟ್ಟಬೇಕು. ಅದಕ್ಕೆ ಬೇಕಾದ ಸರಂಜಾಮು ಆ ಯಂತ್ರದಲ್ಲಿ ಇರಲೇ ಇಲ್ಲ.

ನನಗೆ ಭಯವಾಗಲಿಲ್ಲ. ಭಯವಾಯಿತು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಆದದ್ದು ಇನ್ನಷ್ಟು ಸಿಟ್ಟು. ತಂತಿ ಕಿತ್ತಿದ್ದೇನೆ ಎಂದು ಈ ಹೆಂಗಸು ಸುಳ್ಳು ಹೇಳುತ್ತಿದ್ದಾರೆ, ನನ್ನ ಯಂತ್ರವೂ ಸುಳ್ಳು ಹೇಳುತ್ತಿದೆ, ಎಲ್ಲರೂ ಸೇರಿ ನನ್ನನ್ನು ಆಡಿಸುತ್ತಿದ್ದಾರೆ ಅನ್ನಿಸಿತು. ಹಂಗಿಸುವ ದನಿಯಲ್ಲೇ ಕೂಗಿದೆ.

"ತಂತಿ ಕಿತ್ತಿದೀನಿ ಅಂತೀರ, ಇಲ್ಲಿ ಲೆಕ್ಕ ಬಂದು ಕೂತೈತೆ ನೋಡಿ! ಎರಡನೇ ಕೋಣೆಯಂತೆ! ಒಲೆ ಥರ ಕಾಯ್ದೈತಂತೆ ನಿಮ್ಮ ಎರಡನೇ ಕೋಣೆ!"

ಲಕ್ಷ್ಮೀದೇವಮ್ಮ ಬೇರೆಯೇ ದನಿಯಲ್ಲಿ, "ಇದ್ದಿಲು..." ಎಂದರು. ರಿಸೀವರ್ ಯಾವುದಕ್ಕೋ ಬಡಿದು ನೇತಾಡುವ ಸದ್ದು. ಬಾಗಿಲು ಗುದ್ದುವ ಸದ್ದು. ಹುಳುಗಳು ಜ್ವರಕ್ಕೆ ಕೂತ ಮನೆಯಲ್ಲಿ ಅವರು ಕಿರುಚುತ್ತಿದ್ದರು, ಮನೆಯ ಮಾತು ತೆಲುಗಿನಲ್ಲಿ: "ವೆಂಕಟೇಶಾ! ಲೇರಾ! ಲೇರಾ ನಾಯ್ನಾ!" ಏಳೋ, ಏಳೋ ಎಂದು. ನಾನು ಫೋನ್ ಹಿಡಿದುಕೊಂಡೇ ಇದ್ದೆ. ಬೇರೆ ಮಾಡುವುದಕ್ಕೇನಿತ್ತು? ಆ ಕಡೆಯಿಂದ ಏನಾದರೂ ಬರಲಿ ಎಂದು ಕಾಯುವುದು. ನಿಂತ ಜಾಗದಿಂದ ಅಲುಗುವ ಹಾಗಿಲ್ಲ, ಫೋನ್ ಇಡುವ ಹಾಗಿಲ್ಲ.

ನಡೆದದ್ದನ್ನು ಆಮೇಲೆ ಅವರೇ ಹೇಳಿದರು. ಚಳಿಗಾಲದಲ್ಲಿ ಹುಳುವಿನ ಕೋಣೆ ಬೆಚ್ಚಗಿಡಲು ಕಬ್ಬಿಣದ ಬಾಣಲೆಯಲ್ಲಿ ಇದ್ದಿಲು ಉರಿಸಿಡುತ್ತಾರೆ. ಜ್ವರಕ್ಕೆ ಕೂತಾಗ ಕೋಣೆ ಒಣಗಿರಬೇಕು, ಗಾಳಿಯಾಡಬೇಕು ಎಂದು ಬಾಣಲೆಯನ್ನು ಎತ್ತಿ ಎರಡನೇ ಕೋಣೆಯಲ್ಲಿ ಇಟ್ಟಿದ್ದರು. ಕತ್ತಲಿರುವಾಗಲೇ ಎದ್ದು ತೋಟದ ಕೆಲಸ ಮುಗಿಸಿ ಬಂದ ವೆಂಕಟೇಶನಿಗೆ ಅಲ್ಲಿ ಬೆಚ್ಚಗೆ ಕಂಡಿತು. ಒಳಗೆ ಚೀಲ ಹಾಸಿಕೊಂಡು, ಸದ್ದಾಗದಂತೆ ಬಾಗಿಲು ಹಾಕಿಕೊಂಡು ಮಲಗಿದ. ಅವನು ಅಲ್ಲಿರುವುದು ಅಕ್ಕನಿಗೆ ಗೊತ್ತಿರಲಿಲ್ಲ, ತೋಟದಲ್ಲಿದ್ದಾನೆ ಎಂದುಕೊಂಡಿದ್ದರಂತೆ. ಇದ್ದಿಲಿನಿಂದ ಬೆಂಕಿ ಬಿತ್ತೇನೋ ಎಂದು ಓಡಿಹೋಗಿ ಬಾಗಿಲು ಗುದ್ದಿ ತೆರೆದಾಗಲೇ ಅವನು ಕಂಡದ್ದು. ಕಿಟಕಿ ಇಲ್ಲದ ಕೋಣೆ. ಅಂಥಲ್ಲಿ ತುಂಬಿಕೊಳ್ಳುವ ಇದ್ದಿಲಿನ ವಿಷಗಾಳಿಗೆ ವಾಸನೆಯಿಲ್ಲ, ಕೆಮ್ಮು ಬರುವುದಿಲ್ಲ, ನಿದ್ದೆ ಮಾತ್ರ ಗಾಢವಾಗುತ್ತ ಹೋಗುತ್ತದೆ. ಬಾಗಿಲು ತೆರೆದಾಗ ಬಾಯಲ್ಲಿ ನೊರೆಯಿತ್ತು, ಕರೆದರೆ ಏಳಲಿಲ್ಲ. ಪಕ್ಕದ ಮನೆಯವರು ಸೇರಿ ಅಂಗಳಕ್ಕೆ ಎಳೆದು ಹಾಕಿದರು. ಟೆಂಪೊದಲ್ಲಿ ಚಿಂತಾಮಣಿಗೆ ಸಾಗಿಸಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರಂತೆ. ಎಷ್ಟು ತಡ ಎಂದು ಒಬ್ಬೊಬ್ಬರೂ ಒಂದೊಂದು ಹೇಳುತ್ತಾರೆ.

ವೆಂಕಟೇಶ ಎದ್ದ. ಕೆಲವು ತಿಂಗಳು ತಲೆನೋವು ಎನ್ನುತ್ತಿದ್ದ, ಆಮೇಲೆ ಅದೂ ಹೋಯಿತು.

ನನಗೆ ಸಮಾಧಾನವಾಗಬೇಕಿತ್ತು. ಆದರೆ ಮದುವೆ ಊಟ ಮುಗಿಸಿಕೊಂಡು ಬಂದ ಗುರುಮೂರ್ತಿ ಎಲ್ಲ ಕೇಳಿ ಮೊದಲು ಅಂದದ್ದು, "ನೋಡ್ದ್ಯಾ, ಕೊನೇಗೂ ಕೆಲಸ ಮಾಡ್ತಲ್ಲ ನಮ್ಮ ಸಿಸ್ಟಮ್ಮು!" ಲಕ್ಷ್ಮೀದೇವಮ್ಮ ತಂತಿ ಕಿತ್ತದ್ದನ್ನು ಹೇಳಿದೆ. ಎರಡನೇ ಕೋಣೆಯಲ್ಲಿ ಕಡ್ಡಿಯೇ ಇರಲಿಲ್ಲವೆಂದು ಹೇಳಿದೆ. ಅವರಿಗೆ ಬೇಡವಾಗಿತ್ತು. "ಅದೆಲ್ಲ ಯಾಕಮ್ಮ ಈಗ? ಜೀವ ಉಳೀತೋ ಇಲ್ವೋ?" ಒಂದು ತಿಂಗಳೊಳಗೆ ಜಾಹೀರಾತಿನ ಹಾಳೆ ಅಚ್ಚಾಯಿತು. ಅದರಲ್ಲಿ ಚಾಕಿ ಕೇಂದ್ರದ ಚಿತ್ರ, ಎರಡು ಕೋಣೆ, ಎರಡರಲ್ಲೂ ಕಡ್ಡಿ. ನಾನು ಕೇಳಿದಾಗ ಕೊಡಿಸದಿದ್ದ ಕಡ್ಡಿಯನ್ನು ಚಿತ್ರದಲ್ಲಿ ಕೊಡಿಸಿದ್ದರು. ಗಡುವನ್ನು ಮಾತ್ರ ಆಮೇಲೂ ಸೇರಿಸಲು ಬಿಡಲಿಲ್ಲ. ಇಷ್ಟು ಚೆನ್ನಾಗಿ ಕೆಲಸ ಮಾಡುವುದನ್ನು ಯಾಕೆ ಮುಟ್ಟಬೇಕು ಎಂದರು. ಮುಂದಿನ ಜ್ವರಕ್ಕೆ ಲಕ್ಷ್ಮೀದೇವಮ್ಮ ಮತ್ತೆ ತಂತಿ ಕಿತ್ತರು, ನನ್ನ ಪ್ರೋಗ್ರಾಂ ಮತ್ತೆ ಸಿಕ್ಕಿಕೊಂಡಿತು. ಪರದೆ ಹಸಿರಾಗಿಯೇ ಇತ್ತು. ಕೆಲಸ ಬಿಟ್ಟೆ. ಬಿಡುವಾಗ ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ, ಅವನ್ನು ಆಡಿದ್ದಕ್ಕೆ ಬೇಸರವೂ ಇಲ್ಲ.

ವಿವರಣೆ ಕೊಡುವವರ ಮೇಲೂ ನನಗೆ ಸಿಟ್ಟಿದೆ. ಈ ವಿದ್ಯೆ ಚೆನ್ನಾಗಿ ಬಲ್ಲ ಗೆಳೆಯನೊಬ್ಬ, ಹಿಂದೆ ಬಂದು ಎಲ್ಲೋ ಉಳಿದಿದ್ದ ಅಕ್ಷರಗಳು ತಡವಾಗಿ ಕೈಗೆ ಸಿಕ್ಕಿರಬೇಕು ಎಂದ. ಹಿಂದೆ ಬಂದದ್ದರಲ್ಲಿ ಎರಡು ಹೇಗೆ ಬಂತು ಎಂದೆ. ತಂತಿಯಲ್ಲಿ ಗದ್ದಲವಾಗಿ ಅಂಕಿ ಕೆಟ್ಟಿರಬಹುದು ಎಂದ. ಕೆಟ್ಟ ಸಾಲನ್ನು ಯಂತ್ರ ತಾನೇ ಗುರುತಿಸಿ ಎಸೆಯುತ್ತದಲ್ಲ ಎಂದೆ. "ಹಾಗಾದ್ರೆ ನೀನೇ ತಪ್ಪು ಓದಿದೀಯ" ಎಂದ. ಇರಬಹುದು. ಆ ಪರದೆಯನ್ನು ಅಚ್ಚು ಹಾಕಿಟ್ಟುಕೊಳ್ಳಲಿಲ್ಲ, ಅದನ್ನು ನೋಡಿದ ಇನ್ನೊಬ್ಬರಿಲ್ಲ. ಆದರೆ ತಪ್ಪಾಗಿ ಓದಿದವಳ ಬಾಯಿಂದ ಆ ಕೋಣೆಯೇ ಯಾಕೆ ಬರಬೇಕಿತ್ತು? ಇನ್ನೊಂದು ಕಡೆ ಅಮ್ಮ, ಹುಳುಗಳೇ ಹೇಳಿ ಕಳಿಸಿದವು, ಹೋಗಿ ಒಂದು ಕಾಯಿ ಒಡೆಸಿ ಬಾ ಎಂದರು. ಅಮ್ಮನ ವಿವರಣೆ ಗೆಳೆಯನದಕ್ಕಿಂತ ಕೆಟ್ಟದ್ದೇನಲ್ಲ. ಎರಡೂ ನನಗೆ ಬೇಕಾಗಿರಲಿಲ್ಲ.

ಕೆಲವು ವರ್ಷಗಳಾದ ಮೇಲೆ ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನಲ್ಲಿ ಲಕ್ಷ್ಮೀದೇವಮ್ಮ ಸಿಕ್ಕರು. ಪಕ್ಕದಲ್ಲಿ ವೆಂಕಟೇಶ, ಸ್ವಲ್ಪ ದಪ್ಪಗಾಗಿದ್ದ. "ಇವ್ಳೇ ಕಣೋ ನಿನ್ನ ಎಬ್ಬಿಸ್ದೋಳು" ಎಂದರು. ಅವನು ನಾಚಿಕೊಂಡು, "ಅವತ್ ರಾತ್ರಿ ನಂಗೇನೂ ನೆನಪಿಲ್ಲಮ್ಮ" ಎಂದ. ರಾತ್ರಿ! ಮಧ್ಯಾಹ್ನ ಅಲ್ಲವಾ ಎಂದು ಅವನ ಅಕ್ಕನ ಮುಖ ನೋಡಿದೆ. ಅವರು ಗೊಂದಲಕ್ಕೆ ಬಿದ್ದರು. "ಮಧ್ಯಾಹ್ನಾನಾ? ದೀಪ ಹಚ್ಚಿತ್ತಲ್ಲಮ್ಮ..." ಎಂದು ನಿಲ್ಲಿಸಿ, "ಅದು ಬಿಡು. ಎರಡನೇ ಕೋಣೆ ಅಂತ ನೀನ್ ಕೂಗಿದ್ದು ಮಾತ್ರ ನನ್ ಕಿವೀಲೇ ಐತೆ. ನಿಂಗ್ಯಾರ್ ಹೇಳಿದ್ರಮ್ಮ ಅದುನ್ನ?" ಎಂದರು. ಅಷ್ಟರಲ್ಲಿ ಅವರ ಬಸ್ಸು ಬಂತು. ಬಂದದ್ದು ಒಳ್ಳೆಯದಾಯಿತು.

ಇನ್ನೊಂದು ಸಂಗತಿ ಉಳಿದಿದೆ, ಇದನ್ನು ಯಾರಿಗೂ ಹೇಳಿರಲಿಲ್ಲ. ಅವತ್ತು ವೆಂಕಟೇಶನನ್ನು ಸಾಗಿಸಿದರು ಎಂದು ಗೊತ್ತಾದ ಮೇಲೆ ನಾನು ಪರದೆಯ ಮುಂದೆ ಕೂತೆ. ಪ್ರೋಗ್ರಾಂ ಆ ಸಾಲು ಓದಿ ಮುಗಿಸಿ ಮತ್ತೆ ರಿಸೀವ್‌ಗೆ ಹೋಗಿ ನಿಂತಿತ್ತು. ಕಾಯುತ್ತಿದೆ. ಸಂಪರ್ಕದ ಸ್ಥಿತಿ ಏನೆಂದು ಯಂತ್ರವನ್ನು ಕೇಳಿದೆ. ಆಚೆಯವರೊಂದಿಗೆ ಸಂಪರ್ಕ ಇದೆ ಎಂದು ಹೇಳಿತು. ತಂತಿ ಕಿತ್ತಾಗ ಯಂತ್ರ ಹಾಗೆ ಹೇಳುವುದು ಸಹಜ, ಅದಕ್ಕೆ ತಿಳಿದಿರುವುದಿಲ್ಲ. ನನಗದು ಗೊತ್ತಿತ್ತು. ಆದರೂ ಅದನ್ನು ಕೊಲ್ಲಲು ಕೈ ಬರಲಿಲ್ಲ. ಹಾಗೇ ಬಿಟ್ಟು ಮನೆಗೆ ಹೋದೆ. ಮರುದಿನ ಗುರುಮೂರ್ತಿಯವರೇ ಬಂದು ಸ್ವಿಚ್ ಆರಿಸಿ ಹಾಕಿದ್ದರು. ಅಷ್ಟರೊಳಗೆ ಮತ್ತೇನಾದರೂ ಬಂದಿತ್ತೋ ಇಲ್ಲವೋ ಅವರು ನೋಡಿರಲಿಲ್ಲ. ಆ ಸಾಲನ್ನು ಕಳಿಸಿದ್ದು ಯಾವುದು, ಎಲ್ಲಿಂದ, ನನಗೆ ಗೊತ್ತಿಲ್ಲ. ಬಂದದ್ದು ಹಗಲಲ್ಲೋ ರಾತ್ರಿಯಲ್ಲೋ ಎಂಬುದೂ ಈಗ ಗೊತ್ತಿಲ್ಲ.